ಕುದಿಸಿದರೂ ಕುಡಿಯಲಾಗದ ನೀರು

2014ರ ಆಗಸ್ಟ್ 2, ಶನಿವಾರ. ಆಟಿ ತಿಂಗಳ ಮಳೆ ಮಧ್ಯಾಹ್ನದಿಂದ ಒಂದೇ ಸಮನೆ ಸುರಿಯುತ್ತಿತ್ತು. ದೇವರಿಗೆ ದೀಪ ಹಚ್ಚಿ ಜಗಲಿಗೆ ಬರುವಷ್ಟರಲ್ಲಿ ಮಗಳ ಫೋನು ಬಂತು. ಅವಳಿದ್ದದ್ದು ಅಮೆರಿಕದ ಓಹಾಯೋ ರಾಜ್ಯದ ಟೊಲೀಡೊ ನಗರದಲ್ಲಿ. ನಮ್ಮ ಉಡುಪಿಯಲ್ಲಿ ಕತ್ತಲು ಕವಿಯುವ ಹೊತ್ತಿಗೆ ಅಲ್ಲಿ ಬೆಳಗಾಗಿರುತ್ತದೆ. "ಅಮ್ಮ, ನಲ್ಲಿ ನೀರು ಕುಡಿಯಬಾರದೆಂದು ರಾತ್ರಿಯೇ ಸಾರಿದ್ದಾರಂತೆ. ಅಂಗಡಿಗೆ ಹೋದರೆ ಒಂದು ಬಾಟಲಿ ನೀರೂ ಉಳಿದಿಲ್ಲ" ಎಂದಳು. "ಅದಕ್ಕೇನು, ಚೆನ್ನಾಗಿ ಕುದಿಸಿ ಆರಿಸಿ ಕುಡಿ" ಎಂದೆ. "ಕುದಿಸಲೇಬಾರದಂತೆ ಅಮ್ಮ. ಕುದಿಸಿದರೆ ಇನ್ನೂ ಕೆಟ್ಟದಂತೆ" ಎಂದಳು.

ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು ನಾನು. ಅವಳ ಮಾತಿನ ಅರ್ಥ ಬುದ್ಧಿಗೆ ಕೂಡಲೇ ಹೊಳೆಯಿತು, ಮನಸ್ಸು ಮಾತ್ರ ಒಪ್ಪಲಿಲ್ಲ. ನೀರಿನ ಬಗ್ಗೆ ಯಾವ ಸಂಶಯ ಬಂದರೂ ಒಲೆಯ ಮೇಲೆ ಇಡು ಎಂದು ಕಲಿತು ಬೆಳೆದವರು ನಾವು. ಲಾವಂಚದ ಬೇರು ಹಾಕಿ ಕುದಿಸಿದ ನೀರು ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಇದೆ. ಕುದಿಸಿದರೆ ರೋಗಾಣು ಸಾಯುತ್ತದೆ ಎಂಬುದು ನಿಜ. ಆದರೆ ಟೊಲೀಡೊದ ನೀರಿನಲ್ಲಿದ್ದದ್ದು ರೋಗಾಣುವಲ್ಲ, ಪಾಚಿಯೊಂದು ಬಿಟ್ಟ ವಿಷ. ಮೈಕ್ರೊಸಿಸ್ಟಿನ್ ಎಂಬ ಆ ವಿಷ ಕುದಿಯುವ ನೀರಿನಲ್ಲಿ ಒಡೆಯುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪಾಲು ಏರುತ್ತದೆ. ಯಕೃತ್ತನ್ನು ಕೆಡಿಸುವ ಈ ವಿಷಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ, ಅಂದರೆ ಹತ್ತು ಲಕ್ಷ ಲೀಟರ್ ನೀರಿಗೆ ಒಂದೇ ಒಂದು ಗ್ರಾಂ. ಆ ದಿನ ಅಲ್ಲಿನ ನೀರು ಶುದ್ಧೀಕರಣ ಘಟಕದ ಪರೀಕ್ಷೆಯಲ್ಲಿ ಆ ಮಿತಿ ಮೀರಿತ್ತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಸೋಮವಾರ ಬೆಳಿಗ್ಗೆಯವರೆಗೆ ನಲ್ಲಿ ನೀರು ಮುಟ್ಟದೆ ಕಳೆದರು. ಸೈನಿಕರು ಲಾರಿಗಳಲ್ಲಿ ನೀರು ತಂದು ಹಂಚಿದರಂತೆ.

ಹೊರಗೆ ನಮ್ಮ ಅಂಗಳದಲ್ಲಿ ಮಾಡಿನ ನೀರು ಧಾರೆಯಾಗಿ ಇಳಿಯುತ್ತಿತ್ತು. ಅಲ್ಲಿ ಈರಿ ಎಂಬ ಸಮುದ್ರದಂಥ ಸಿಹಿನೀರಿನ ಸರೋವರದ ದಡದಲ್ಲಿ ಕುಳಿತ ನನ್ನ ಮಗಳಿಗೆ ಒಂದು ಲೋಟ ನೀರಿಗೆ ಗತಿಯಿರಲಿಲ್ಲ. ಆ ಸಂಜೆಯಿಂದ ಈರಿ ಸರೋವರದ ಕತೆಯನ್ನು ಓದುತ್ತಾ ಬಂದಿದ್ದೇನೆ. ಅದನ್ನು ಓದಿದ ಕಣ್ಣಿನಿಂದಲೇ ನನ್ನ ತವರಿನ ಕೆರೆಯನ್ನೂ ನೋಡುವಂತಾಯಿತು.

ಈರಿ ಸರೋವರದ ವಿಸ್ತಾರ ಸುಮಾರು 25,700 ಚದರ ಕಿಲೋಮೀಟರ್. ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳನ್ನು ಒಟ್ಟು ಮಾಡಿ ಮೂರು ಸಲ ಹಾಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಅಮೆರಿಕ ಮತ್ತು ಕೆನಡಾಗಳ ನಡುವಿನ ಐದು ಮಹಾ ಸರೋವರಗಳಲ್ಲಿ ಇದು ಎಲ್ಲಕ್ಕಿಂತ ಆಳ ಕಡಿಮೆಯದು. ಸರಾಸರಿ ಆಳ ಬರೀ 19 ಮೀಟರ್. ಟೊಲೀಡೊ ಇರುವ ಪಶ್ಚಿಮದ ಭಾಗದಲ್ಲಂತೂ ಸರಾಸರಿ ಏಳೆಂಟು ಮೀಟರಿಗಿಂತ ಹೆಚ್ಚಿಲ್ಲ. ಆಳವಿಲ್ಲದ ನೀರು ಬೇಗ ಬಿಸಿಯಾಗುತ್ತದೆ, ಬೆಳಕು ಒಳಗಿಳಿಯುತ್ತದೆ, ಪಾಚಿಗೆ ಬೇಕಾದದ್ದು ಇದೇ. ಆ ಐದರಲ್ಲಿ ಇನ್ನೊಂದಾದ ಸುಪೀರಿಯರ್ ಸರೋವರದ ನೀರು ಪೂರ್ತಿ ಬದಲಾಗಲು ಸುಮಾರು 190 ವರ್ಷ ಬೇಕಾದರೆ ಈರಿಗೆ ಎರಡೂವರೆ ವರ್ಷದಷ್ಟು ಸಾಕು. ಹಾಗಾಗಿ ಕೆಡುವುದರಲ್ಲೂ ಅದು ಮೊದಲು, ಸುಧಾರಿಸುವುದರಲ್ಲೂ ಮೊದಲು.

ಈ ಸರೋವರ ಒಮ್ಮೆ ಸತ್ತು ಬದುಕಿದೆ. 1960ರ ದಶಕದಲ್ಲಿ ಈರಿ ಸತ್ತಿತು ಎಂದು ಅಮೆರಿಕದ ಪತ್ರಿಕೆಗಳು ಬರೆದವು. ಅದಕ್ಕೆ ಸೇರುವ ಕಯಹೋಗ ನದಿಯ ಮೇಲೆ ತೇಲುತ್ತಿದ್ದ ಎಣ್ಣೆಗೆ 1969ರ ಜೂನ್ 22ರಂದು ಬೆಂಕಿ ಹತ್ತಿತು. ಬೆಂಗಳೂರಿನ ಬೆಳ್ಳಂದೂರು ಕೆರೆಯ ಮೇಲೆ 2017 ಮತ್ತು 2018ರಲ್ಲಿ ಹೊಗೆ ಎದ್ದುದನ್ನು ಟಿವಿಯಲ್ಲಿ ಕಂಡ ನಮಗೆ ಅದನ್ನು ಊಹಿಸುವುದು ಕಷ್ಟವಲ್ಲ. ಆ ನದಿಗೆ ಬೆಂಕಿ ಬಿದ್ದದ್ದು ಅದೇ ಮೊದಲಲ್ಲ. 1868ರಿಂದಲೂ ಹಲವು ಬಾರಿ ಉರಿದಿತ್ತು. ಇದನ್ನು ಓದಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಬೆಂಕಿಯಲ್ಲ, ಆ ನೂರು ವರ್ಷ. ಒಂದು ಊರಿನವರು ತಮ್ಮ ಹೊಳೆ ಉರಿಯುವುದನ್ನು ಮಳೆಗಾಲದ ನೆರೆಯಂತೆ ಸಹಜವೆಂದು ಕಂಡು ಮೂರು ತಲೆಮಾರು ಬಾಳಿದ್ದರು.

ಸರೋವರವನ್ನು ಕೊಲ್ಲುತ್ತಿದ್ದದ್ದು ಕಣ್ಣಿಗೆ ಕಾಣುವ ಎಣ್ಣೆಗಿಂತ ಕಣ್ಣಿಗೆ ಕಾಣದ ರಂಜಕ. ಗದ್ದೆಗೆ ಸಾರಜನಕ, ರಂಜಕ, ಪೊಟ್ಯಾಷ್ ಹಾಕುತ್ತೇವಲ್ಲ, ಆ ನಡುವಿನದು. ಅದು ಪೈರನ್ನು ಬೆಳೆಸುವ ಹಾಗೆಯೇ ಪಾಚಿಯನ್ನೂ ಬೆಳೆಸುತ್ತದೆ. ಬೆಳೆದ ಪಾಚಿ ಸತ್ತು ತಳಕ್ಕಿಳಿದು ಕೊಳೆಯುವಾಗ ತಳದ ನೀರಿನ ಆಮ್ಲಜನಕವೆಲ್ಲ ಅದಕ್ಕೇ ಖರ್ಚಾಗುತ್ತದೆ; ಉಸಿರು ಕಟ್ಟಿ ಮೀನು ಸಾಯುತ್ತದೆ. ನಗರಗಳ ಕೊಳಚೆ ಮತ್ತು ಬಟ್ಟೆ ಒಗೆಯುವ ಪುಡಿಯಲ್ಲಿದ್ದ ಫಾಸ್ಫೇಟ್ ಎಂಬ ರಂಜಕದ ಸಂಯುಕ್ತ, ಇವೆರಡೂ ಸೇರಿ ಈರಿಗೆ ರಂಜಕವನ್ನು ತುಂಬುತ್ತಿದ್ದವು. ಸಾಬೂನಿನ ಉದ್ಯಮದವರು ತಪ್ಪು ರಂಜಕದ್ದಲ್ಲ, ಇಂಗಾಲದ್ದು ಎಂದು ವಾದಿಸುತ್ತಿದ್ದರು. ಆ ವಾದವನ್ನು ಮುಗಿಸಿದ ಪ್ರಯೋಗವನ್ನು ನಾನು ಪ್ರತಿ ವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಪ್ರಯೋಗಕ್ಕೆಂದೇ ಬಿಟ್ಟುಕೊಟ್ಟ ಸಣ್ಣ ಸರೋವರಗಳಿವೆ. ಅವುಗಳಲ್ಲಿ 226ನೆಯದು ನಡು ಸಣ್ಣಗಾದ ಡಮರುವಿನ ಆಕಾರದ್ದು. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಆ ನಡುವಿಗೆ ಒಂದು ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಸರೋವರವನ್ನು ಎರಡು ಮಾಡಿದರು. ಒಂದು ಕಡೆ ಇಂಗಾಲ ಮತ್ತು ಸಾರಜನಕ ಹಾಕಿದರು, ಇನ್ನೊಂದು ಕಡೆ ಅವೆರಡರ ಜೊತೆಗೆ ರಂಜಕವನ್ನೂ ಹಾಕಿದರು. ಆಕಾಶದಿಂದ ತೆಗೆದ ಚಿತ್ರದಲ್ಲಿ ರಂಜಕ ಬಿದ್ದ ಅರ್ಧ ಹಸಿರಾಗಿಯೂ ಉಳಿದರ್ಧ ಕಪ್ಪು ನೀರಾಗಿಯೂ ಕಾಣುತ್ತದೆ. ಅಷ್ಟು ಸ್ಪಷ್ಟವಾದ ಉತ್ತರವನ್ನು ವಿಜ್ಞಾನ ಬಹಳ ಅಪರೂಪಕ್ಕೆ ಕೊಡುತ್ತದೆ.

1972ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಮತ್ತು ಕೆನಡಾದ ಪ್ರಧಾನಿ ಪಿಯೆರ್ ಟ್ರುಡೊ ಮಹಾ ಸರೋವರಗಳ ನೀರಿನ ಗುಣಮಟ್ಟದ ಒಪ್ಪಂದಕ್ಕೆ ಸಹಿ ಹಾಕಿದರು. ದೊಡ್ಡ ಕೊಳಚೆ ಶುದ್ಧೀಕರಣ ಘಟಕಗಳಿಂದ ಹೊರಬರುವ ನೀರಿನಲ್ಲಿ ರಂಜಕ ಲೀಟರಿಗೆ 1 ಮಿಲಿಗ್ರಾಂ ಮೀರಬಾರದೆಂದಾಯಿತು. ಒಗೆಯುವ ಪುಡಿಯ ಫಾಸ್ಫೇಟನ್ನು ಕೆನಡಾ ಮೊದಲು, ಆಮೇಲೆ ಅಮೆರಿಕದ ರಾಜ್ಯಗಳು ಒಂದೊಂದಾಗಿ ಕಡಿಮೆ ಮಾಡಿಸಿದವು. ಈರಿಗೆ ವರ್ಷಕ್ಕೆ 11,000 ಟನ್ನಿಗಿಂತ ಹೆಚ್ಚು ರಂಜಕ ಸೇರಬಾರದೆಂಬ ಗುರಿಯನ್ನು 1980ರ ದಶಕದಲ್ಲಿ ಮುಟ್ಟಿದರು. ನೀರು ತಿಳಿಯಾಯಿತು, ಮೀನು ಹೆಚ್ಚಿತು. ಆದರೆ ಸರೋವರ ಬದುಕಿದ್ದಕ್ಕೆ ನನಗೆ ಹೆಚ್ಚು ಇಷ್ಟವಾದ ಸಾಕ್ಷಿ ಒಂದು ಹುಳ. ಮೇಫ್ಲೈ ಎಂದು ಅದರ ಹೆಸರು. ಒಂದೆರಡು ವರ್ಷ ಸರೋವರದ ತಳದ ಕೆಸರಿನಲ್ಲಿ ಮರಿಯಾಗಿ ಬಾಳಿ, ಬೇಸಗೆಯ ಒಂದು ಸಂಜೆ ರೆಕ್ಕೆ ಮೂಡಿಸಿಕೊಂಡು ಲಕ್ಷಗಟ್ಟಲೆಯಾಗಿ ಮೇಲೇಳುತ್ತದೆ. ನಮ್ಮಲ್ಲಿ ಮೊದಲ ಮಳೆಗೆ ರೆಕ್ಕೆಯ ಗೆದ್ದಲು ದೀಪಕ್ಕೆ ಮುತ್ತುವ ಹಾಗೆ. ತಳದಲ್ಲಿ ಆಮ್ಲಜನಕವಿದ್ದರೆ ಮಾತ್ರ ಆ ಮರಿ ಬದುಕುತ್ತದೆ. 1953ರಲ್ಲಿ ಪಶ್ಚಿಮ ಈರಿಯಲ್ಲಿ ಅದು ನಾಶವಾಯಿತು. ನಾಲ್ಕು ದಶಕಗಳ ನಂತರ, 1990ರ ದಶಕದ ಆರಂಭದಲ್ಲಿ ಮರಳಿ ಬಂತು. ಈಗ ಅವು ಮೇಲೇಳುವ ರಾತ್ರಿ ಹವಾಮಾನದ ರೇಡಾರಿನಲ್ಲಿ ಮೋಡದಂತೆ ಕಾಣಿಸುತ್ತವೆ.

ಕತೆ ಅಲ್ಲಿಗೇ ಮುಗಿದಿದ್ದರೆ ನನ್ನ ಮಗಳು 2014ರಲ್ಲಿ ಆ ಫೋನು ಮಾಡಬೇಕಾಗಿರಲಿಲ್ಲ.

ಮರುವರ್ಷ ಬೇಸಗೆಯಲ್ಲಿ ಅವಳ ಮನೆಗೆ ಹೋಗಿದ್ದೆ. ಆಗಸ್ಟಿನ ಒಂದು ಬೆಳಿಗ್ಗೆ ಅಳಿಯ ನಮ್ಮನ್ನು ಸರೋವರದ ದಡಕ್ಕೆ ಕರೆದುಕೊಂಡು ಹೋದ. ದೂರದಿಂದ ಹುಲ್ಲುಗಾವಲೆಂದೇ ಭಾವಿಸಿದೆ. ಹತ್ತಿರ ಹೋದರೆ ಅಲೆ ಹೊಡೆಯುವ ಹುಲ್ಲುಗಾವಲು. ಒಂದೆಲಗದ ತಂಬುಳಿಯನ್ನು ಕಣ್ಣು ಹರಿಯುವಷ್ಟು ದೂರ ಚೆಲ್ಲಿದ ಹಾಗೆ ದಪ್ಪನೆಯ ಹಸಿರು. ಅಲೆ ಮುರಿಯುವಾಗಲೂ ಬಿಳಿ ನೊರೆ ಏಳುತ್ತಿರಲಿಲ್ಲ, ಆ ಹಸಿರೇ ಮಡಚಿ ಬೀಳುತ್ತಿತ್ತು. ಕಲ್ಲಿನ ಸಂದಿನಲ್ಲಿ ಅದು ಒಣಗಿ ನೀಲಿ ಬಣ್ಣದ ಹಪ್ಪಳವಾಗಿತ್ತು. ಮೊಮ್ಮಗ ಕಾಲು ನೆನೆಸಲು ಓಡಿದವನನ್ನು ಮಗಳು ರಟ್ಟೆ ಹಿಡಿದು ಎಳೆದುಕೊಂಡಳು. 2015ರ ಆ ಪಾಚಿ ಅಲ್ಲಿಯವರೆಗೆ ದಾಖಲಾದವುಗಳಲ್ಲೆಲ್ಲ ತೀವ್ರವಾದದ್ದು ಎಂದು ಆಮೇಲೆ ತಿಳಿಯಿತು.

ಈ ಸಲದ ರಂಜಕ ನಗರದ್ದಲ್ಲ, ಹೊಲದ್ದು. ಟೊಲೀಡೊದಲ್ಲಿ ಸರೋವರಕ್ಕೆ ಸೇರುವ ಮೌಮೀ ನದಿಯ ಬಯಲಿನಲ್ಲಿ ಮೆಕ್ಕೆಜೋಳ ಮತ್ತು ಸೋಯಾ ಬೆಳೆಯುತ್ತಾರೆ. ಆ ಬಯಲಿನ ಬಹುಭಾಗ ಹಿಂದೆ ಹೊಲವಾಗಿರಲಿಲ್ಲ. ಸಾವಿರಾರು ಚದರ ಕಿಲೋಮೀಟರ್ ಹರಡಿದ ಕಾಡು ಜೌಗು. ಗ್ರೇಟ್ ಬ್ಲ್ಯಾಕ್ ಸ್ವಾಂಪ್ ಎಂದು ಅದನ್ನು ಕರೆಯುತ್ತಿದ್ದರು. ಕುದುರೆಗಾಡಿ ಹೊಟ್ಟೆಯವರೆಗೆ ಹೂತುಹೋಗುವ, ಮಲೇರಿಯಾ ಹರಡುವ ನೆಲ. 1850ರ ನಂತರದ ನಾಲ್ಕೈದು ದಶಕಗಳಲ್ಲಿ ಅದನ್ನು ಬಸಿದು ಒಣಗಿಸಿದರು. ಬಸಿದದ್ದು ಹೇಗೆಂದರೆ, ಅಲ್ಲಿನ ಜೇಡಿಯಿಂದಲೇ ಸುಟ್ಟ ಕೊಳವೆಗಳನ್ನು ಮಾಡಿ ಹೊಲದಡಿ ಸಾಲುಸಾಲಾಗಿ ಹೂಳಿದರು. ಆ ಕೊಳವೆಗೆ ಅವರು ಇಡುವ ಹೆಸರು ಟೈಲ್. ಮಂಗಳೂರಿನ ನೆರೆಯವಳಾದ ನನಗೆ ಟೈಲ್ ಎಂದರೆ ಮಾಡಿನ ಹಂಚು; 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಕಾಲಕ್ಕೇ ಅತ್ತ ಓಹಾಯೋದಲ್ಲಿಯೂ ಹೊಳೆದಡದ ಜೇಡಿಯನ್ನು ಒಲೆಗೆ ಹಾಕುತ್ತಿದ್ದರು. ನಾವು ಸುಟ್ಟ ಮಣ್ಣನ್ನು ತಲೆಯ ಮೇಲೆ ಹೊದ್ದುಕೊಂಡೆವು, ಅವರು ಕಾಲಡಿಗೆ ಹೂಳಿದರು. ಎರಡೂ ಕಡೆ ಕೆಲಸ ಒಂದೇ, ನೀರನ್ನು ನಿಲ್ಲಗೊಡದೆ ಸಾಗಿಸುವುದು.

ಜೌಗು ಇದ್ದಾಗ ಮಳೆಯ ನೀರು ವಾರಗಟ್ಟಲೆ ಹುಲ್ಲು, ಬೇರು, ಕೆಸರುಗಳ ನಡುವೆ ತಂಗಿ, ತಾನು ತಂದ ಸಾರವನ್ನೆಲ್ಲ ಅಲ್ಲಿ ಬಿಟ್ಟು, ಸೋಸಿಕೊಂಡು ಸರೋವರಕ್ಕೆ ಇಳಿಯುತ್ತಿತ್ತು. ಈಗ ಹೊಲದ ಮೇಲೆ ಎರಚಿದ ಗೊಬ್ಬರ ಒಂದು ಜಡಿಮಳೆಗೆ ಕರಗಿ, ಮಣ್ಣಿನ ಬಿರುಕಿನಲ್ಲಿಳಿದು, ಕೊಳವೆ ಸೇರಿ, ಕಾಲುವೆ ಹಿಡಿದು ಸರೋವರಕ್ಕೆ ಬೀಳುತ್ತದೆ. ಕೊಳಚೆಯ ಘಟಕವಾದರೆ ಒಂದು ಬಾಯಿ, ಅಲ್ಲಿ ನಿಂತು ಅಳೆಯಬಹುದು, ತಡೆಯಬಹುದು. ಹೊಲದ ಕೊಳವೆಗೆ ಲಕ್ಷ ಬಾಯಿ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ಸರೋವರದ ಕತೆ ಇದಕ್ಕೆ ಹೋಲಿಸಿದರೆ ಸುಲಭದ್ದು. ಅಲ್ಲಿ ಕೆಡುಕಿನ ಮೂಲ ಸುತ್ತಲಿನ ಊರುಗಳ ಕೊಳಚೆ ಮಾತ್ರ. 1963ರಿಂದ 1968ರೊಳಗೆ ಅದನ್ನು ಬೇರೆ ದಾರಿಗೆ ತಿರುಗಿಸಿದರು, ಕೆಲವೇ ವರ್ಷಗಳಲ್ಲಿ ನೀರು ತಿಳಿಯಾಯಿತು. ಈರಿಯಲ್ಲಿ ವಸಂತಕಾಲದ ರಂಜಕವನ್ನು 2008ರ ಮಟ್ಟಕ್ಕಿಂತ ಶೇ. 40ರಷ್ಟು ಇಳಿಸಬೇಕೆಂದು ಎರಡೂ ದೇಶಗಳು 2016ರಲ್ಲಿ ಗುರಿ ಹಾಕಿಕೊಂಡವು. 2019ರಲ್ಲಿ ಓಹಾಯೋ ರಾಜ್ಯ ಹೊಸ ಯೋಜನೆಯನ್ನು ಆರಂಭಿಸಿ, ಗೊಬ್ಬರವನ್ನು ಅಳೆದು ಹಾಕುವ ರೈತರಿಗೆ ಹಣ ಕೊಡುತ್ತಿದೆ; ಬಸಿದು ಒಣಗಿಸಿದ ನೆಲದ ಚೂರುಪಾರನ್ನು ಮತ್ತೆ ಜೌಗಾಗಿಸುತ್ತಿದೆ. ಮುತ್ತಜ್ಜಂದಿರು ಹೂಳಿದ ಕೊಳವೆಯನ್ನು ಮೊಮ್ಮಕ್ಕಳು ಹುಡುಕಿ ಒಡೆಯುವ ಕೆಲಸ ಅದು. ಹಸಿರು ಇನ್ನೂ ಪ್ರತಿ ಬೇಸಗೆಯಲ್ಲಿ ಏಳುತ್ತದೆ, ಒಂದು ವರ್ಷ ಹೆಚ್ಚು, ಇನ್ನೊಂದು ವರ್ಷ ಕಡಿಮೆ.

ಈಗ ನನ್ನ ತವರಿನ ಕೆರೆಗೆ ಬರುತ್ತೇನೆ. ಈರಿಯ ಮುಂದೆ ಅದು ಸಾಸಿವೆಗಿಂತ ಸಣ್ಣದು. ಆದರೆ ನೀರು ಕೆಡುವ ರೀತಿ ಎರಡು ಕಡೆಯೂ ಒಂದೇ.

ಉಡುಪಿ ಜಿಲ್ಲೆಯ ಒಂದು ಹಳ್ಳಿಯ ಬೈಲಿನ ತಲೆಯಲ್ಲಿ ಆ ಕೆರೆ ಇದೆ. ಮೂಡುದಿಕ್ಕಿನ ಗುಡ್ಡೆಯಿಂದ ಒಂದು ತೋಡು ಇಳಿದು ಬರುತ್ತದೆ. ನನ್ನ ಬಾಲ್ಯದಲ್ಲಿ ಆ ತೋಡು ನೇರವಾಗಿ ಕೆರೆಗೆ ಬೀಳುತ್ತಿರಲಿಲ್ಲ. ಮೇಲಿನ ನಾಲ್ಕೈದು ಮಜಲು ಗದ್ದೆಗಳಲ್ಲಿ ಹರಡಿ, ಕೇದಗೆಯ ಜಾತಿಯ ಮುಂಡೇವಿನ ಪೊದೆಗಳ ಬುಡದಲ್ಲಿ ನುಸುಳಿ, ಕೆಂಪು ನೀರು ತಿಳಿಯಾಗಿ ಬರುತ್ತಿತ್ತು. ಕೆರೆಗೆ ಮೂರು ಕಡೆ ದಂಡೆಯೆಂಬುದು ಇರಲೇ ಇಲ್ಲ. ಗದ್ದೆ ಎಲ್ಲಿ ಮುಗಿಯಿತು, ಕೆರೆ ಎಲ್ಲಿ ಶುರುವಾಯಿತು ಎಂಬುದು ಮಳೆಯ ಮೇಲೆ ನಿಂತಿತ್ತು. ಮೊದಲ ಮಳೆಗೆ ಮುಗುಡು ಮೀನು ಆ ಹದನೀರಿನಲ್ಲಿ ಮೊಟ್ಟೆಯಿಡಲು ಗದ್ದೆಗೆ ಏರುತ್ತಿತ್ತು. ಅಷ್ಟಮಿಯ ಕಡುಬಿಗೆ ಮೂಡೆ ಕಟ್ಟಲು ಮುಂಡೇವಿನ ಓಲೆಯನ್ನು ಅಮ್ಮ ಅಲ್ಲಿಂದಲೇ ಕೊಯ್ದು ತಂದು, ಮುಳ್ಳು ತೆಗೆದು, ಬೆಂಕಿಗೆ ಹಿಡಿದು ಬಾಡಿಸುತ್ತಿದ್ದಳು. ಬೇಸಗೆಯ ಕೊನೆಗೆ ಕೆರೆ ಬತ್ತಿ ತಳ ಕಾಣುವಾಗ ಊರಿನವರು ಸೇರಿ ಹೂಳು ತೆಗೆದು ತೆಂಗು ಅಡಿಕೆಯ ಬುಡಕ್ಕೆ ಹೊರುತ್ತಿದ್ದರು. ರಸಾಯನಶಾಸ್ತ್ರ ಓದಿದ ಮೇಲೆ ಅದರ ಬೆಲೆ ನನಗೆ ತಿಳಿಯಿತು. ವರ್ಷವಿಡೀ ನೀರು ಗುಡ್ಡೆಯಿಂದ ಇಳಿಸಿ ತಂದ ರಂಜಕವನ್ನು ಅವರು ತಲೆಹೊರೆಯಲ್ಲಿ ಮತ್ತೆ ಮೇಲಕ್ಕೆ ಹೊರುತ್ತಿದ್ದರು.

ಕರಾವಳಿಯ ಕೆಂಪು ಮಣ್ಣಿಗೆ ಒಂದು ಗುಣವಿದೆ. ಮುರಕಲ್ಲಿನ ಈ ನೆಲದಲ್ಲಿ ಕಬ್ಬಿಣದ ಆಕ್ಸೈಡ್ ಹೇರಳ, ಅದು ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹಾಕಿದ ಗೊಬ್ಬರ ಗಿಡಕ್ಕೆ ಹತ್ತುವುದಿಲ್ಲ ಎಂದು ಕೃಷಿಕರು ದೂರುವುದು ಇದಕ್ಕೇ. ಕೆರೆಯ ಮಟ್ಟಿಗೆ ಇದು ವರ. ನೀರಿನಲ್ಲಿ ಆಮ್ಲಜನಕ ಇರುವವರೆಗೆ ತಳದ ಕೆಂಪು ಕೆಸರು ರಂಜಕವನ್ನು ಕಟ್ಟಿಹಾಕಿ ಕೂರುತ್ತದೆ. ಆದರೆ ಕೊಳಚೆ ಸೇರಿ ತಳದ ಉಸಿರು ಕಟ್ಟಿದ ದಿನ ಕಬ್ಬಿಣದ ರೂಪವೇ ಬದಲಾಗುತ್ತದೆ. ಹಿಡಿತ ಸಡಿಲಿ, ಹತ್ತಾರು ವರ್ಷಗಳಿಂದ ಕೂಡಿಟ್ಟ ರಂಜಕ ನೀರಿಗೆ ಬಿಡುಗಡೆಯಾಗುತ್ತದೆ. ಅಲ್ಲಿಂದ ಮುಂದೆ ಹೊರಗಿನಿಂದ ಒಂದು ಹನಿ ಕೊಳಚೆ ಬಾರದಿದ್ದರೂ ಕೆರೆ ತನ್ನ ತಳದಿಂದಲೇ ಪಾಚಿಗೆ ಊಟ ಬಡಿಸುತ್ತಿರುತ್ತದೆ. ಕೆಟ್ಟ ಕೆರೆ ಸುಧಾರಿಸಲು ಕೆಡುವುದಕ್ಕಿಂತ ಹೆಚ್ಚು ಕಾಲ ಹಿಡಿಯುವುದರ ಗುಟ್ಟು ಇದು.

ನಮ್ಮ ಕೆರೆಗೆ ಆದದ್ದೂ ಹೀಗೆಯೇ. ಮೇಲಿನ ಮಜಲು ಗದ್ದೆಗಳು ಮಣ್ಣು ತುಂಬಿ ನಿವೇಶನವಾದವು. ತೋಡಿಗೆ ಸಿಮೆಂಟಿನ ಎರಡು ಗೋಡೆ ಎದ್ದು ಅದು ಚರಂಡಿಯಾಯಿತು. ಕೆಲವು ವರ್ಷಗಳ ಹಿಂದೆ ಕೆರೆಯ ಅಭಿವೃದ್ಧಿಯೂ ನಡೆಯಿತು: ಜೆಸಿಬಿ ಇಳಿಸಿ ಹೂಳು ತೆಗೆದರು, ನಾಲ್ಕೂ ಕಡೆ ಕಲ್ಲು ಕಟ್ಟಿದರು, ಮೇಲೆ ಕಬ್ಬಿಣದ ಬೇಲಿ, ಸುತ್ತ ನಡೆಯುವ ದಾರಿ, ದೀಪದ ಕಂಬ. ಮುಂಡೇವಿನ ಪೊದೆಗಳನ್ನು ಬುಡಸಹಿತ ಕಿತ್ತರು. ಅಣ್ಣ ಫೋನಿನಲ್ಲಿ, "ಕೆರೆ ಈಗ ನೋಡಬೇಕು ಮಾರಾಯ್ತಿ, ಪೇಟೆಯ ಪಾರ್ಕಿನ ಹಾಗಾಗಿದೆ" ಎಂದಿದ್ದ. ಅವನ ಸಂತೋಷದಲ್ಲಿ ಕಪಟವಿರಲಿಲ್ಲ. ದುಡ್ಡು ಖರ್ಚಾಗಿತ್ತು, ಕೆಲಸ ಕಣ್ಣಿಗೆ ಕಾಣುತ್ತಿತ್ತು. ಆದರೆ ಅಷ್ಟೂ ಕೆಲಸ ನಡೆದದ್ದು ಕೆರೆಯ ಅಂಚಿನಲ್ಲಿ. ನೀರು ಬರುವ ದಾರಿಯಲ್ಲಿ ಯಾರೂ ಒಂದು ಹೆಜ್ಜೆ ಮೇಲೆ ನಡೆದು ನೋಡಿರಲಿಲ್ಲ. ಎರಡನೆಯ ಬೇಸಗೆಗೆ ನೀರು ಹಸಿರಾಯಿತು, ಮೂರನೆಯದಕ್ಕೆ ಜಲಕಳೆ ಮುಚ್ಚಿತು.

ಅಂಚೆಂಬುದು ಕೆರೆಯ ಬೇಲಿಯಲ್ಲ, ಅದು ಕೆರೆಯ ಜೀವಂತ ಭಾಗ. ನೀರು ಮತ್ತು ನೆಲ ನಿಧಾನವಾಗಿ ಬೆರೆಯುವ ಹತ್ತು ಹೆಜ್ಜೆ ಅಗಲದ ಕೆಸರಿನಲ್ಲಿಯೇ ಮೀನು ಮರಿಮಾಡುತ್ತದೆ, ನೀರುಕೋಳಿ ಗೂಡು ಕಟ್ಟುತ್ತದೆ, ಹುಲ್ಲಿನ ಬೇರು ರಂಜಕವನ್ನು ಹೀರುತ್ತದೆ. ನೀರು ಏರುವುದೂ ಇಳಿಯುವುದೂ ಅಲ್ಲಿಗೆ ಬೇಕು. ಈ ಏರಿಳಿತವನ್ನು ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಮಣಿಪುರದ ಲೋಕ್ತಾಕ್ ಸರೋವರ ತೋರಿಸಿದೆ. ಈಶಾನ್ಯ ಭಾರತದ ಅತಿ ದೊಡ್ಡ ಸಿಹಿನೀರಿನ ಸರೋವರ ಅದು. ಹುಲ್ಲು, ಬೇರು, ಮಣ್ಣು ಹೆಣೆದುಕೊಂಡು ಚಾಪೆಯಂತೆ ತೇಲುವ ಫುಮ್ದಿಗಳು ಅಲ್ಲಿಯ ವಿಶೇಷ. ಅವುಗಳ ಮೇಲೆಯೇ ಕೈಬುಲ್ ಲಮ್ಜಾವೊ ರಾಷ್ಟ್ರೀಯ ಉದ್ಯಾನವಿದೆ, ಸಂಗಾಯ್ ಜಿಂಕೆ ಬದುಕಿದೆ. ಹಿಂದೆ ಒಣಗಾಲದಲ್ಲಿ ನೀರು ಇಳಿದಾಗ ಫುಮ್ದಿ ತಳದ ಮಣ್ಣಿಗೆ ತಾಗುತ್ತಿತ್ತು, ಬೇರುಗಳು ಅಲ್ಲಿಂದ ಸಾರ ಹೀರಿ ದಪ್ಪಗಾಗುತ್ತಿದ್ದವು, ಮಳೆ ಬಂದಾಗ ಮತ್ತೆ ತೇಲುತ್ತಿದ್ದವು. 1983ರಲ್ಲಿ ಜಲವಿದ್ಯುತ್ತಿಗಾಗಿ ಇಥಾಯ್ ಬ್ಯಾರೇಜ್ ಬಂದು ಸರೋವರ ವರ್ಷವಿಡೀ ತುಂಬಿಯೇ ಇರತೊಡಗಿತು. ಫುಮ್ದಿ ತಳ ಮುಟ್ಟದೆ ತೆಳುವಾಯಿತು. ಜಿಂಕೆಯ ಭಾರ ತಡೆಯಲಾರದಷ್ಟು ತೆಳುವಾದ ಕಡೆಗಳೂ ಇವೆ. 1990ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸರೋವರ 1993ರ ಹೊತ್ತಿಗೆ ಅಪಾಯದಲ್ಲಿರುವವುಗಳ ಪಟ್ಟಿಗೂ ಸೇರಿತು. ತುಂಬಿದ ಕೆರೆ ಎಂದರೆ ಆರೋಗ್ಯದ ಕೆರೆ ಎಂದು ನಾವು ಭಾವಿಸುತ್ತೇವೆ. ಬೇಸಗೆಯಲ್ಲಿ ಬತ್ತುವುದೂ ಕೆಲವು ಕೆರೆಗಳ ಆರೋಗ್ಯವೇ ಆಗಿರುತ್ತದೆ.

2019ರ ಫೆಬ್ರವರಿಯಲ್ಲಿ ಟೊಲೀಡೊದ ಮತದಾರರು ಈರಿ ಸರೋವರಕ್ಕೆ ಬಾಳುವ ಹಕ್ಕು ಇದೆಯೆಂದು ನಗರದ ಕಾನೂನಿನಲ್ಲಿ ಬರೆಸಿದರು. ಮರುವರ್ಷ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮಗಳು ಅದನ್ನು ಹೇಳಿದಾಗ ನನಗೆ ನಮ್ಮ ನಾಗಬನಗಳು ನೆನಪಾದವು. ಅಲ್ಲಿ ಒಂದು ಎಲೆ ಕೀಳಲೂ ಹೆದರುತ್ತಿದ್ದ ಊರು ನಮ್ಮದು. ಮನುಷ್ಯನಿಗೆ ಸೇರದ ತುಂಡು ನೆಲವೊಂದು ಇರುತ್ತದೆ ಎಂದು ತುಳುನಾಡಿಗೆ ಯಾವ ಕಾನೂನೂ ಕಲಿಸಬೇಕಾಗಿರಲಿಲ್ಲ. ಈಗ ಎಷ್ಟೋ ಬನಗಳಲ್ಲಿ ಮರ ಕಡಿದು ಸಿಮೆಂಟಿನ ಕಟ್ಟೆ ಕಟ್ಟಿದ್ದಾರೆ. ಕೆರೆಗೆ ಕಲ್ಲು ಕಟ್ಟಿದ ಮನಸ್ಸೇ ಅಲ್ಲಿಯೂ ಕೆಲಸ ಮಾಡಿದೆ, ಅದೂ ಭಕ್ತಿಯಿಂದಲೇ. ಮಣ್ಣು ಮತ್ತು ಪಳ್ಳ (ತುಳುವಿನಲ್ಲಿ ಕೆರೆ), ಎರಡೂ ಸೇರಿ ಮಣಿಪಾಲ ಎಂಬ ಹೆಸರಾಯಿತು ಎನ್ನುತ್ತಾರೆ. ಅಂಥ ಹೆಸರಿನ ಊರಿನ ಪಕ್ಕದಲ್ಲಿದ್ದುಕೊಂಡು ಕೆಸರನ್ನು ಕೊಳಕೆಂದು ಭಾವಿಸಲು ನಾವು ಯಾವಾಗ ಕಲಿತೆವು ಎಂದು ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತ ನಡೆಯುವಾಗ ಎಷ್ಟೋ ಸಲ ಯೋಚಿಸಿದ್ದೇನೆ. 2019ರ ಬೇಸಗೆಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಸೇರಿ, ಉಡುಪಿ ನಗರಕ್ಕೆ ಸರದಿಯಲ್ಲಿ ನೀರು ಬಿಟ್ಟದ್ದನ್ನು ಕಂಡಿದ್ದೇವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನೆಲವಿದು. ಬಿದ್ದ ನೀರು ನಿಲ್ಲಲು ಜಾಗ ಉಳಿಸದಿದ್ದರೆ ಮಳೆ ಎಷ್ಟಿದ್ದೂ ಏನು?

ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಅಣ್ಣನನ್ನು ಕರೆದುಕೊಂಡು ಕೆರೆಯಿಂದ ತೋಡಿನ ಮೇಲಕ್ಕೆ ನಡೆದೆ. ಮಳೆ ಬಿದ್ದು ಐದು ತಿಂಗಳಾಗಿತ್ತು, ತೋಡು ಒಣಗಿರಬೇಕಿತ್ತು. ಆದರೂ ಅದರ ತಳದಲ್ಲಿ ಅಂಗೈ ಅಗಲದ ಬೂದುಬಣ್ಣದ ನೀರು ಹರಿಯುತ್ತಿತ್ತು. ಒಂದು ಕಿಲೋಮೀಟರಿನೊಳಗೆ ಗೋಡೆಯಿಂದ ಹೊರಚಾಚಿದ ಹನ್ನೊಂದು ಪೈಪುಗಳನ್ನು ಎಣಿಸಿದೆವು. ಕೆಲವು ಬಚ್ಚಲಿನವು, ಸಾಬೂನಿನ ವಾಸನೆಯಿತ್ತು. ಎರಡರ ವಾಸನೆ ಬೇರೆ. ಅಣ್ಣ ಹೆಚ್ಚು ಮಾತನಾಡಲಿಲ್ಲ. ಒಂದು ಪೈಪಿನ ಮುಂದೆ ನಿಂತು, "ಇದು ನಮ್ಮ ಹೊಸ ಮನೆಯದ್ದೇ ಅಲ್ವಾ" ಎಂದ. ಅವನ ಮಗ ಕಟ್ಟಿಸಿದ ಮನೆ ಅದು.

ಆ ಪೈಪು ಮೊದಲು ಹೋಯಿತು. ಬಚ್ಚಲಿನ ನೀರಿಗೆ ಹಿತ್ತಿಲಿನಲ್ಲಿ ಗುಂಡಿ ತೋಡಿ, ಬಾಳೆ ಮತ್ತು ಕೆಸುವನ್ನು ನೆಟ್ಟರು. ತನ್ನ ಮನೆಯದ್ದನ್ನು ಮುಚ್ಚಿದ ಮೇಲೆ ಅಣ್ಣನಿಗೆ ಉಳಿದವರ ಬಾಗಿಲಿಗೆ ಹೋಗುವ ಧೈರ್ಯ ಬಂತು. ಇಲ್ಲಿಯವರೆಗೆ ಏಳು ಪೈಪು ತೋಡು ಬಿಟ್ಟಿವೆ. ನಾಲ್ಕು ಇನ್ನೂ ಇವೆ, ಅದರಲ್ಲೊಂದು ದೊಡ್ಡದು. ತೋಡು ಕೆರೆಗೆ ಸೇರುವ ಮೂಲೆಯಲ್ಲಿ ಕಲ್ಲುಕಟ್ಟು ಮಳೆಗೆ ಜರಿದಿತ್ತು. ಅದನ್ನು ಮತ್ತೆ ಕಟ್ಟಬೇಡಿ ಎಂದು ಪಂಚಾಯತಿಯವರನ್ನು ಒಪ್ಪಿಸಲು ಎರಡು ಸಭೆ ಬೇಕಾಯಿತು. ಆ ಜರಿದ ಜಾಗದಲ್ಲಿ, ಅಡ್ಡಕ್ಕೆ ಹದಿನೈದು ಹೆಜ್ಜೆಯಷ್ಟು, ತೋಡಿನ ನೀರು ಈಗ ಕೆಸರಿನಲ್ಲಿ ಹರಡಿ ಇಳಿಯುತ್ತದೆ. ಬೇರೆ ಬೈಲಿನಿಂದ ಮುಂಡೇವಿನ ಕಂದುಗಳನ್ನು ತಂದು ನೆಟ್ಟಿದ್ದೇವೆ.

ನೀರಿನ ತಿಳಿಯನ್ನು ಅಳೆಯಲು ಹಳೆಯ ಸ್ಟೀಲು ತಟ್ಟೆಯೊಂದಕ್ಕೆ ಕಪ್ಪು ಬಿಳುಪು ಬಣ್ಣವನ್ನು ನಾಲ್ಕು ಪಾಲಾಗಿ ಬಳಿದು, ನಡುವೆ ತೂತು ಕೊರೆದು ಹಗ್ಗ ಕಟ್ಟಿದ್ದೇನೆ. ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿ 1865ರಲ್ಲಿ ಸಮುದ್ರಕ್ಕೆ ಇಳಿಬಿಟ್ಟ ಬಿಲ್ಲೆಯ ರೀತಿಯದ್ದು. ಪ್ರಪಂಚದ ಎಷ್ಟೋ ಸರೋವರಗಳನ್ನು ಇಂದಿಗೂ ಇದರಿಂದ ಅಳೆಯುತ್ತಾರೆ. ಹಗ್ಗಕ್ಕೆ ಹತ್ತು ಸೆಂಟಿಮೀಟರಿಗೊಂದು ಗಂಟು. ತಟ್ಟೆಯ ಬಿಳಿ ಯಾವ ಗಂಟಿಗೆ ಕಣ್ಮರೆಯಾಗುತ್ತದೆ ಎಂದು ನೋಡಿ ಬರೆದಿಡಬೇಕು. ಮೊದಲ ಸಲ ಇಳಿಬಿಟ್ಟಾಗ ಎರಡನೆಯ ಗಂಟು ಮುಳುಗುವ ಮೊದಲೇ ಬಿಳಿ ಹಸಿರಿನಲ್ಲಿ ಹೋಗಿತ್ತು. ತಿಂಗಳಿಗೊಮ್ಮೆ ಅಣ್ಣ ಅಳೆಯುತ್ತಾನೆ, ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತಾನೆ. ಒಂದು ಬೇಸಗೆಯಲ್ಲಿ ಮತ್ತೆ ಒಂದಕ್ಕೆ ಇಳಿದಿತ್ತು. ಕಳೆದ ದೀಪಾವಳಿಗೆ ಹೋದಾಗ ನಾನೇ ಹಗ್ಗ ಹಿಡಿದೆ. ನಾಲ್ಕನೆಯ ಗಂಟು ನೀರೊಳಗೆ ಹೋಯಿತು, ಬಿಳಿ ಇನ್ನೂ ಮಸುಕಾಗಿ ಕಾಣುತ್ತಿತ್ತು. "ಬೇಗ ಬಿಡಬೇಡ ಮಾರಾಯ್ತಿ, ನಿಧಾನ" ಎಂದು ಅಣ್ಣ ಪುಸ್ತಕ ಹಿಡಿದುಕೊಂಡು ನೀರಿನ ಮೇಲೆ ಬಗ್ಗಿದ.